ಕಮಲಾಕ್ಷಣ್ಣ ನಕ್ಕ ದಿನ

ಬಂಟ್ವಾಳ ಪೇಟೆಯಲ್ಲಿ ಕಮಲಾಕ್ಷನ ಕನ್ನಡಕದ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಹೆಸರಿನಲ್ಲೇ ಕಣ್ಣಿಟ್ಟುಕೊಂಡವನು ಕಣ್ಣಿನ ವ್ಯಾಪಾರಕ್ಕೇ ಬಂದನಲ್ಲ ಎಂದು ಊರವರು ತಮಾಷೆ ಮಾಡಿ ಮಾಡಿ ಸುಸ್ತಾಗಿ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ ಪೇಟೆಯೊಳಗೆ ಬಂದರೆ ಫ್ರೇಮಿನ ಡಬ್ಬಗಳನ್ನು ಅಟ್ಟಕ್ಕೆ ಏರಿಸುವುದು, ನೀರು ಇಳಿದ ಮೇಲೆ ಇಳಿಸುವುದು, ಉಳಿದ ದಿನಗಳಲ್ಲಿ ಬಂದವರ ಕಣ್ಣು ನೋಡಿ ನಂಬರ್ ಹೇಳುವುದು. ಅವನ ಬದುಕು ಇಷ್ಟೇ ಆಗಿದ್ದರೆ ಅವನ ಬಗ್ಗೆ ಬರೆಯುವ ಕೆಲಸವೇ ಇರಲಿಲ್ಲ. ಆದರೆ ಕಮಲಾಕ್ಷ ಸಿನೆಮಾಕ್ಕೂ ನಂಬರ್ ಕೊಡುತ್ತಿದ್ದ.

ಊರಿನ ವಾರಪತ್ರಿಕೆಯಲ್ಲಿ ಅವನದು ‘ನೋಡಿ ಬಂದೆ’ ಎಂಬ ಅಂಕಣ. ಶುಕ್ರವಾರ ಬಿಡುಗಡೆಯಾದ ಸಿನೆಮಾ, ವಾರದ ಕೊನೆಯಲ್ಲಿ ಟಿವಿಯಲ್ಲಿ ಬಂದ ಕಾಮಿಡಿ, ಎಲ್ಲದರ ಬಗ್ಗೆ ಅಲ್ಲಿ ಕನ್ನಡದಲ್ಲಿ ಉದ್ದಕ್ಕೆ ಬರೆಯುವುದು. ಅದೇ ಹೆಸರಿನಲ್ಲಿ ಫೋನಿನಲ್ಲೂ ಒಂದು ಪುಟ ಇತ್ತು. ಅಲ್ಲಿ ಮಾತ್ರ ತುಳು, ಅದೂ ಒಂದೆರಡೇ ಸಾಲು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯಲ್ಲೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಟಾಕೀಸಿಗೆ ಹೊರಡುವ ಮೊದಲು ‘ಕಮಲಾಕ್ಷಣ್ಣ ಎಂತ ಹೇಳಿದ್ದಾರೆ ನೋಡುವ’ ಎಂದು ಫೋನು ತೆಗೆಯುವವರು ತುಂಬ ಇದ್ದರು. ಈ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಅವನ ದೊಡ್ಡ ಕಾಯಿಲೆ.

ಅವನ ಅಭಿಪ್ರಾಯಗಳಲ್ಲಿ ಹುರುಳಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಈಚಿನ ತುಳು ಸಿನೆಮಾಗಳ ಬಗ್ಗೆ ಒಮ್ಮೆ ಹೀಗೆ ಬರೆದಿದ್ದ: ‘ಮೊದಲರ್ಧದಲ್ಲಿ ನಾಲ್ವರು ಗೆಳೆಯರು, ಅವರಲ್ಲೊಬ್ಬ ಕುಡುಕ, ಒಬ್ಬ ಬೋಳುತಲೆ. ವಿರಾಮದ ನಂತರ ಆಸ್ಪತ್ರೆ. ಕೊನೆಗೆ ಗಗ್ಗರದ ಸದ್ದು. ದೈವದ ಕಾಲಿನ ಗಗ್ಗರ ಕೇಳಿದ ಕೂಡಲೇ ಟಾಕೀಸಿಡೀ ಕೈಮುಗಿಯುತ್ತದೆ. ಕೈಮುಗಿದವನು ಹೊರಗೆ ಬಂದು ಚೆನ್ನಾಗಿಲ್ಲ ಎಂದು ಹೇಳುವುದು ಹೇಗೆ? ಕಥೆ ಮುಗಿಸಲು ಬಾರದವರು ದೈವದ ಬೆನ್ನ ಹಿಂದೆ ಅಡಗಿಕೊಳ್ಳುವುದನ್ನು ನಿಲ್ಲಿಸಬೇಕು.’ ಇದಕ್ಕೆ ಬಂದ ಬೆದರಿಕೆ ಫೋನುಗಳನ್ನು ಅವನು ಹೆಮ್ಮೆಯಿಂದಲೇ ಎತ್ತಿದ. ಇನ್ನೊಂದು ಸಿನೆಮಾದ ಅರ್ಧ ಕಥೆ ಕಾರಣವಿಲ್ಲದೆ ದುಬೈಗೆ ಹೋಗಿತ್ತು. ‘ನಿರ್ಮಾಪಕರ ಮನೆ ಅಲ್ಲಿದೆ ಎನ್ನುವುದೇ ಕಾರಣವಾದರೆ, ನಾನು ತೆಗೆಯುವ ಸಿನೆಮಾದಲ್ಲಿ ನಾಯಕಿ ಕನ್ನಡಕದ ಅಂಗಡಿಯೊಳಗೇ ಕುಣಿಯಬೇಕಾಗುತ್ತದೆ’ ಎಂದು ಬರೆದ. ಪೇಟೆಯವರು ಅದನ್ನು ಒಂದು ತಿಂಗಳು ಹೇಳಿಕೊಂಡು ನಗಾಡಿದರು.

ಟಿವಿಯ ಕಾಮಿಡಿಗಳೆಂದರೆ ಅವನಿಗೆ ಮೈ ಉರಿಯುತ್ತಿತ್ತು. ‘ನಗಬೇಕಾದವರು ಮನೆಯಲ್ಲಿ ಕೂತ ನಾವು. ಆದರೆ ನಮಗೆ ನಗು ಬರುವ ಮೊದಲೇ ಸೋಫಾದಲ್ಲಿ ಕೂತ ತೀರ್ಪುಗಾರರು ಹೊಟ್ಟೆ ಹಿಡಿದುಕೊಂಡು ಉರುಳಿರುತ್ತಾರೆ. ಗಂಡಸಿಗೆ ಸೀರೆ ಉಡಿಸಿದರೆ ಅರ್ಧ ಕೆಲಸ ಆಯಿತು, ಅವನನ್ನು ಬೀಳಿಸಿದರೆ ಇನ್ನರ್ಧವೂ ಆಯಿತು’ ಎಂದು ಬರೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಅವನನ್ನು ಕೆರಳಿಸುತ್ತಿದ್ದದ್ದು ಮಂಗಳೂರು ಕಡೆಯವನ ಪಾತ್ರ. ಬೆಂಗಳೂರಿನ ಪ್ರತಿ ಕಾಮಿಡಿಯಲ್ಲೂ ಅಂಥವನೊಬ್ಬ ಬರಬೇಕು, ‘ಎಂತ ಮಾರಾಯ್ರೆ, ಉಂಟಾ?’ ಎನ್ನಬೇಕು, ಕೆನ್ನೆಗೆ ಏಟು ತಿನ್ನಬೇಕು. ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಕಷ್ಟಪಟ್ಟು ಕನ್ನಡ ಕಲಿತು, ತಪ್ಪಾಗದಿರಲಿ ಎಂದು ನಿಧಾನಕ್ಕೆ ಮಾತಾಡುವ ಜನರನ್ನು ಕಂಡರೆ ಇವರಿಗೆ ಅಷ್ಟು ನಗು ಯಾಕೆ ಎಂದು ಕಮಲಾಕ್ಷ ಕೇಳುತ್ತಿದ್ದ. ಕೇಳಬೇಕಾದ ಪ್ರಶ್ನೆಯೇ ಅದು.

ಆದರೆ ಆ ಪಾತ್ರ ಮಾಡುತ್ತಿದ್ದವನು ಮನ್ವಿತ್. ಚಾರ್ಮಾಡಿ ರಸ್ತೆಯ ಕಕ್ಕಿಂಜೆಯ ಹುಡುಗ, ತಂದೆ ಇಲ್ಲದವನು. ಶಾಲೆಯ ವಾರ್ಷಿಕೋತ್ಸವದಲ್ಲಿ ಆರಂಭ ಮಾಡಿ, ಊರಿನ ನಾಟಕ ತಂಡಗಳಲ್ಲಿ ಓಡಾಡಿ, ಹೇಗೋ ಬೆಂಗಳೂರಿನ ಚಾನೆಲ್ಲಿಗೆ ಸೇರಿದ್ದ. ಅವನಿಗೆ ಕೊಟ್ಟ ಪಾತ್ರ ಇದು. ಬೇಡ ಎಂದರೆ ಮಾರನೆಯ ದಿನ ಇನ್ನೊಬ್ಬ ಬರುತ್ತಿದ್ದ. ಇದನ್ನು ಯೋಚಿಸಲು ಕಮಲಾಕ್ಷನಿಗೆ ಪುರುಸೊತ್ತಿರಲಿಲ್ಲ. ‘ನಗಿಸುವುದು ಬೇರೆ, ನಗೆಪಾಟಲಾಗುವುದು ಬೇರೆ. ಕಕ್ಕಿಂಜೆಯ ಈ ಹುಡುಗನಿಗೆ ಬರುವುದು ಎರಡನೆಯದು ಮಾತ್ರ’ ಎಂದು ಮೊದಲ ವರ್ಷವೇ ಬರೆದ. ಸಾಲು ಜನರ ಬಾಯಿಗೆ ಸಿಕ್ಕಿತು. ಸಿಕ್ಕಿತೆಂದು ಅವನೂ ಅದನ್ನು ಬೇರೆ ಬೇರೆ ರೀತಿಯಲ್ಲಿ ನಾಲ್ಕು ವರ್ಷ ಬರೆದ. ಹತ್ತಕ್ಕೆ ಎರಡು, ಹತ್ತಕ್ಕೆ ಒಂದೂವರೆ. ಒಂದು ಸಲ ಮನ್ವಿತ್ ತಾನಾಗಿ ‘ಅಣ್ಣ, ಈ ವಾರದ್ದು ಸ್ವಲ್ಪ ಬೇರೆ ಥರ ಉಂಟು, ನೋಡಿ ಹೇಳಿ’ ಎಂದು ಸಂದೇಶ ಕಳಿಸಿದ್ದ. ಕಮಲಾಕ್ಷ ನೋಡಿದ, ಆ ವಾರ ಸೊನ್ನೆ ಕೊಟ್ಟ.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಹಿಂದಿನ ದಿನದ ಕಾಮಿಡಿಯ ಮರುಪ್ರಸಾರ ಬರುತ್ತಿತ್ತು. ಕಮಲಾಕ್ಷ ಎಂದಿನ ಹಾಗೆ ಬೈಯುವ ತಯಾರಿಯಲ್ಲಿ ಟಿವಿಯ ಎದುರು ಕೂತ. ಒಳಗೆ ಹೆಂಡತಿ ಕಾಂತಿ ದೋಸೆ ಎರೆಯುತ್ತಿದ್ದಳು. ಮನ್ವಿತ್ ಒಬ್ಬನೇ ವೇದಿಕೆಗೆ ಬಂದ. ಸೀರೆ ಉಟ್ಟಿರಲಿಲ್ಲ. ಭುಜಕ್ಕೆ ಸೆರಗಿನ ಹಾಗೆ ಒಂದು ಬೈರಾಸು ಟವೆಲು ಹಾಕಿಕೊಂಡು, ಫೋನನ್ನು ಸುಟ್ಟೀತು ಎಂಬ ಹಾಗೆ ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದ. ಅಷ್ಟರಿಂದಲೇ ಅವನಲ್ಲಿ ಊರಿನ ಒಬ್ಬಳು ತಾಯಿ ಎದುರು ನಿಂತಿದ್ದಳು. ಅವಳು ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡುತ್ತಾಳೆ. ನೀವು ಕರೆ ಮಾಡಿದ ಚಂದಾದಾರರು ಕಾರ್ಯನಿರತರಾಗಿದ್ದಾರೆ ಎಂದು ಕಂಪನಿಯ ಹೆಂಗಸಿನ ದನಿ ಬರುತ್ತದೆ. ತಾಯಿ ಕೂಡಲೇ ಬೆನ್ನು ನೇರ ಮಾಡಿ, ಶಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟು ಮಾಡಿ, ‘ಆಗಬಹುದು ಅಕ್ಕ, ಅವನು ಬಂದ ಮೇಲೆ ತಿಳಿಸಿರಿ. ನಿಮ್ಮದು ಊಟ ಆಯಿತಾ?’ ಎನ್ನುತ್ತಾಳೆ. ದನಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ, ‘ನನಗೆ ಅಷ್ಟು ಓದು ಇಲ್ಲ ಅಕ್ಕ, ಐದನೆಯ ತರಗತಿ’ ಎಂದು ನಾಚಿಕೊಳ್ಳುತ್ತಾಳೆ. ಮತ್ತೆ ಫೋನು, ಮತ್ತೆ ಅದೇ ದನಿ. ತಾಯಿಯ ಮುಖದಲ್ಲಿ ಮೆಲ್ಲನೆ ಒಂದು ಸಂಶಯ. ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾಳೆ. ‘ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಬೆಳಗ್ಗೆ ಮಾಡಿದರೂ ನೀವೇ, ಸಂಜೆ ಮಾಡಿದರೂ ನೀವೇ. ಇನ್ನು ಮುಚ್ಚಿಟ್ಟು ಫಲವಿಲ್ಲ. ನಿಮ್ಮದು ಯಾವ ಬರಿ? ಒಂದೇ ಬರಿಯಾದರೆ ಮದುವೆ ಆಗುವುದಿಲ್ಲ, ಈಗಲೇ ಹೇಳಿಬಿಡಿ.’

ಗೋತ್ರದಂತೆ ಬರಿ ನೋಡಿ ಮದುವೆ ಮಾಡುವ ಮನೆಗಳಲ್ಲಿ ಹುಟ್ಟಿದವರಿಗೆ ಇದರ ರುಚಿ ಹೇಳಬೇಕಾಗಿಲ್ಲ. ಕಮಲಾಕ್ಷ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕಾಂತಿ ಸಟ್ಟುಗ ಹಿಡಿದುಕೊಂಡೇ ಓಡಿ ಬಂದಳು, ಗಂಡನಿಗೆ ಏನಾಯಿತು ಎಂದು. ಏನೂ ಆಗಿರಲಿಲ್ಲ, ಬರೀ ನಗು. ಏಟಿಲ್ಲ, ಬೀಳುವುದಿಲ್ಲ, ಯಾರನ್ನೂ ಹೀಯಾಳಿಸುವುದಿಲ್ಲ. ಅದೇ ನಿಧಾನದ ಪುಸ್ತಕದ ಕನ್ನಡವನ್ನು ಆ ಹುಡುಗ ಅಷ್ಟು ಪ್ರೀತಿಯಿಂದ ಆಡಿದ್ದ. ನಾಲ್ಕು ವರ್ಷ ತಾನು ಅವನಿಂದ ಬಯಸಿದ್ದು ಇದನ್ನೇ ಅಲ್ಲವೇ ಎಂದು ಕಮಲಾಕ್ಷನಿಗೆ ಅನಿಸಿತು.

ಅನಿಸಿದ್ದನ್ನು ಬಿಚ್ಚಿ ಬರೆಯಬೇಕಿತ್ತು. ಬರೆಯಲು ಕೂತರೆ ಕೈ ಏಳಲಿಲ್ಲ. ಹತ್ತಕ್ಕೆ ಹತ್ತು ಎಂದರೆ ಇಷ್ಟು ಕಾಲ ಆಡಿದ ಮಾತನ್ನೆಲ್ಲ ನುಂಗಿಕೊಳ್ಳಬೇಕು, ಪೇಟೆಯವರು ‘ಎಂತ ಕಮಲಾಕ್ಷಣ್ಣ, ಸೋತಿರಾ?’ ಎನ್ನುತ್ತಾರೆ. ಬೈರಾಸು ಹಾಕಿದ ಮನ್ವಿತನ ಚಿತ್ರವೊಂದನ್ನು ಪುಟಕ್ಕೆ ಏರಿಸಿ, ಅದರ ಕೆಳಗೆ ಒಂದೇ ಒಂದು ತುಳು ಶಬ್ದ ಹಾಕಿದ. ‘ಸೈತೆ.’ ತಿಳಿದವರು ತಿಳಿದುಕೊಳ್ಳಲಿ ಎಂದುಕೊಂಡ.

ತುಳುವಿನಲ್ಲಿ ಸೈತೆ ಎಂದರೆ ನಾನು ಸತ್ತೆ. ನಕ್ಕು ನಕ್ಕು ಸತ್ತೆ ಎನ್ನಲು ಈಗಿನ ಹುಡುಗರು ಹೇಳುವುದೂ ಅದನ್ನೇ. ಆದರೆ ಅವನು ಸತ್ತ ಎನ್ನಲೂ ಸೈತೆ ಎಂದೇ ಹೇಳಬೇಕು. ನಾನು ಎನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ತುಸು ಅಗಲವಾಗುತ್ತದೆ, ಅವನು ಎನ್ನುವಾಗ ಕಿರಿದಾಗುತ್ತದೆ. ತುಳುವರ ಬಾಯಿಗೂ ಕಿವಿಗೂ ಈ ವ್ಯತ್ಯಾಸ ಹುಟ್ಟಿನಿಂದ ಗೊತ್ತು. ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ.

ಊಟ ಮುಗಿಸಿ ಕಮಲಾಕ್ಷ ಸ್ಕೂಟರಿನಲ್ಲಿ ಮೂಡುಬಿದಿರೆಗೆ ಹೊರಟ. ಅಲ್ಲಿ ಹೊಸ ಸಿನೆಮಾ ಒಂದರ ಮಧ್ಯಾಹ್ನದ ಆಟ ನೋಡಬೇಕಿತ್ತು. ಟಾಕೀಸಿನೊಳಗೆ ಕಾಲಿಡುವಾಗಲೇ ಫೋನು ಆರಿಸುವುದು ಅವನ ನಿಯಮ. ಕತ್ತಲಲ್ಲಿ ಫೋನು ಬೆಳಗಿಸುವವರ ಬಗ್ಗೆ ಅಂಕಣದಲ್ಲಿ ಎಷ್ಟೋ ಸಲ ಉಗಿದಿದ್ದ. ಆ ಸಿನೆಮಾದಲ್ಲೂ ವಿರಾಮದ ನಂತರ ಆಸ್ಪತ್ರೆ ಬಂತು, ಕೊನೆಗೆ ಗಗ್ಗರವೂ ಕೇಳಿತು. ಹತ್ತಕ್ಕೆ ಮೂರು ಎಂದುಕೊಂಡು ಹೊರಗೆ ಬಂದು ಫೋನು ಹಚ್ಚಿದ. ಹಚ್ಚಿದ್ದೇ ತಡ, ಅದು ಕೈಯಲ್ಲಿ ನಡುಗಲು ಸುರುವಾಯಿತು. ಪಕ್ಕದ ಮೊಬೈಲ್ ಅಂಗಡಿಯ ನೌಫಲನ ಕರೆ.

“ಕಮಲಾಕ್ಷಣ್ಣ, ಎಲ್ಲಿದ್ದೀರಿ ಮಾರಾಯ್ರೆ? ಎಷ್ಟು ಸಲ ಮಾಡುವುದು? ಅದು ಮೊದಲು ತೆಗೀರಿ!”

“ಎಂತ ತೆಗೀಬೇಕು?”

“ನೀವು ಹಾಕಿದ್ದು. ಕಕ್ಕಿಂಜೆಯ ಆ ಕಾಮಿಡಿ ಹುಡುಗ ಸತ್ತ ಅಂತ ಹಾಕಿದ್ದೀರಲ್ಲ. ಅವನು ಬದುಕಿದ್ದಾನೆ!”

ಕಮಲಾಕ್ಷನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಟಾಕೀಸಿನ ಮೆಟ್ಟಿಲಲ್ಲೇ ಕೂತ.

ಆದದ್ದು ಇಷ್ಟು. ಬೆಳಗ್ಗೆ ಅವನು ಹಾಕಿದ ಚಿತ್ರವನ್ನು ಯಾರೋ ಇನ್ನೊಂದು ಗುಂಪಿಗೆ ದಾಟಿಸಿದರು. ಅಲ್ಲಿ ಯಾರೋ ಅದಕ್ಕೆ ಓಂ ಶಾಂತಿ ಸೇರಿಸಿದರು. ಮತ್ತೊಬ್ಬರು ಹೇಗೆ ಎಂದು ಕೇಳಿದಾಗ ಎಲ್ಲ ತಿಳಿದವನೊಬ್ಬ ಚಾರ್ಮಾಡಿ ಘಾಟಿಯಲ್ಲಿ ಕಾರು ಉರುಳಿತಂತೆ ಎಂದು ಬರೆದ. ಕಮಲಾಕ್ಷಣ್ಣನೇ ಹಾಕಿದ್ದಾರೆ ಎಂದ ಮೇಲೆ ಸುಳ್ಳಾಗಲಿಕ್ಕಿಲ್ಲ ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನ ನಂಬಿದರು. ಮನ್ವಿತ್ ಬೆಂಗಳೂರಿನ ಸ್ಟುಡಿಯೋದೊಳಗೆ ಮುಂದಿನ ವಾರದ ಚಿತ್ರೀಕರಣದಲ್ಲಿದ್ದ. ಅಲ್ಲಿ ಫೋನುಗಳನ್ನು ಬಾಗಿಲಲ್ಲೇ ಆರಿಸಿ ತೆಗೆದಿಡುತ್ತಾರೆ. ಹೊರಗೆ ಬಂದು ತನ್ನ ಸಾವಿನ ಸುದ್ದಿ ನೋಡಿ, ‘ನಾನು ಇದ್ದೇನೆ, ಅಮ್ಮಾ, ನಾನು ಇದ್ದೇನೆ’ ಎಂದು ಒಂದು ವಿಡಿಯೋ ಬಿಟ್ಟಿದ್ದ. ಅದರಲ್ಲಿ ಅವನ ದನಿ ಕಾಮಿಡಿಯವನ ದನಿಯ ಹಾಗಿರಲಿಲ್ಲ.

ಕೂಡಲೇ ಕಕ್ಕಿಂಜೆಗೆ ಹೋಗಿ ಆ ತಾಯಿಯ ಕಾಲಿಗೆ ಬೀಳಬೇಕು ಎಂದು ಕಮಲಾಕ್ಷ ಸ್ಕೂಟರ್ ಹತ್ತಿದ್ದು ನಿಜ. ವೇಣೂರು ದಾಟಿ ಅಳದಂಗಡಿಗೆ ಬರುವಾಗ ಬಾಯಿ ಒಣಗಿತ್ತು. ಚಹಾದ ಅಂಗಡಿಯೊಂದರಲ್ಲಿ ನಿಂತ. ಒಳಗೆ ಇಬ್ಬರು ಅದನ್ನೇ ಮಾತಾಡುತ್ತಿದ್ದರು.

“ಮರವನ್ನೂ ಕಡಿದಾಗಿದೆಯಂತೆ ಮಾರಾಯ. ಅಂಗಳದ ಕಾಟುಮಾವು.”

“ಹೌದಾ? ಯಾರು ಹಾಕಿದ್ದು ಆ ಸುದ್ದಿ?”

“ಬಂಟ್ವಾಳದ ಆ ಕನ್ನಡಕದವ. ಅವನಿಗೆ ಆ ಹುಡುಗನನ್ನು ಕಂಡರೆ ಮೊದಲಿಂದಲೂ ಆಗುವುದಿಲ್ಲ. ಬೇಕಂತಲೇ ಹಾಕಿದ್ದು.”

ಈ ಕಡೆಯ ಹಳ್ಳಿಗಳಲ್ಲಿ ಸಾವಿನ ಸುದ್ದಿ ಬಂದರೆ ಯಾರನ್ನೂ ಕರೆಯಬೇಕಾಗಿಲ್ಲ. ನೆರೆಕರೆಯ ಹೆಂಗಸರು ಮನೆಯೊಳಗೆ ಹೋಗುತ್ತಾರೆ, ಗಂಡಸರು ಕೊಡಲಿ ಹಿಡಿದು ಮಾವಿನ ಮರದ ಹತ್ತಿರ ಹೋಗುತ್ತಾರೆ. ಸುಡಲು ಮಾವಿನ ಕಟ್ಟಿಗೆಯೇ ಆಗಬೇಕು, ಹೆಣ ಬರುವ ಮೊದಲೇ ಸಿದ್ಧವಿರಬೇಕು. ಇದು ಕಮಲಾಕ್ಷನಿಗೆ ಗೊತ್ತಿಲ್ಲದ ಸಂಗತಿಯಲ್ಲ, ಅವನ ತಂದೆ ಹೋದಾಗಲೂ ಹಾಗೇ ಆಗಿತ್ತು. ಬದುಕಿದವನಿಗೆ ಮರ ಕಡಿದದ್ದನ್ನು ಮಾತ್ರ ಅವನು ಕೇಳಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಹೊರಟ. ಗುರುವಾಯನಕೆರೆಯಲ್ಲಿ ಎಡಕ್ಕೆ ತಿರುಗಿದರೆ ಬೆಳ್ತಂಗಡಿ, ಕಕ್ಕಿಂಜೆ. ಬಲಕ್ಕೆ ತಿರುಗಿದರೆ ಬಂಟ್ವಾಳ, ಮನೆ. ಅವನು ಬಲಕ್ಕೆ ತಿರುಗಿದ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮನೆಗೆ ಬಂದು ಪುಟದಲ್ಲಿ ಒಂದು ದೊಡ್ಡ ಸ್ಪಷ್ಟೀಕರಣ ಬರೆದ. ತುಳುವಿನ ಕೊನೆಯ ಸ್ವರ ಎರಡು ಬಗೆ, ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಬೇರೆ ಗುರುತಿಲ್ಲ, ಆದ್ದರಿಂದ ಓದುಗರಿಗೆ ಗೊಂದಲವಾಗಿದೆ, ವಿಷಾದವಿದೆ. ಕಾಲೇಜಿನ ಮೇಷ್ಟ್ರು ಓದಿದರೆ ಭೇಷ್ ಎನ್ನಬೇಕು, ಹಾಗಿತ್ತು. ಬರೆದದ್ದನ್ನು ಕಾಂತಿಗೆ ಓದಿ ಹೇಳಿದ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ.

“ತಪ್ಪು ಲಿಪಿಯದ್ದಾ?” ಎಂದು ಕೇಳಿದಳು.

“ಮತ್ತೆ?”

“ನೀವು ಅಷ್ಟು ನಗಾಡಿದ್ದನ್ನು ನಾನು ನೋಡಿದ್ದೇನೆ. ‘ಹುಡುಗ ಚೆನ್ನಾಗಿ ಮಾಡಿದ್ದಾನೆ, ನಾನು ನಕ್ಕೆ’ ಅಂತ ಬರೆದಿದ್ರೆ ಕೈ ಸವೀತಿತ್ತಾ?”

ಅವನು ಎರಡು ದಿನ ಅಂಗಡಿಯಲ್ಲಿ ಕೂತ. ಬಂದವರೆಲ್ಲ ‘ಇವತ್ತು ಯಾರನ್ನು ಮೇಲೆ ಕಳಿಸಿದಿರಿ, ಕಮಲಾಕ್ಷಣ್ಣ?’ ಎಂದು ಕೇಳಿ ನಗುವವರೇ. ಗೋಡೆಯ ಅಕ್ಷರಗಳನ್ನು ಓದಿ ಎಂದು ಗಿರಾಕಿಗಳಿಗೆ ಹೇಳುವಾಗಲೂ ಅವನಿಗೆ ನಾಚಿಕೆಯಾಗುತ್ತಿತ್ತು. ಕಣ್ಣು ಮುಚ್ಚಿದರೆ ತಾನು ನೋಡದ ಒಂದು ಅಂಗಳ, ಅಲ್ಲಿ ಕೊಡಲಿಯ ಸದ್ದು. ಬುಧವಾರ ಅಂಗಡಿಯ ಬಾಗಿಲೆಳೆದು ಬಸ್ಸು ಹತ್ತಿದ, ಬೆಳ್ತಂಗಡಿಯಲ್ಲಿ ಇಳಿದು ಚಾರ್ಮಾಡಿಯ ಬಸ್ಸು ಹಿಡಿದ.

ಕಕ್ಕಿಂಜೆಯಲ್ಲಿ ಮನೆ ಹುಡುಕಬೇಕಾಗಲಿಲ್ಲ. ಕಾಮಿಡಿಯ ಮನ್ವಿತನ ಮನೆ ಎಂದ ಕೂಡಲೇ ಅಂಗಡಿಯವರು ಇವನ ಮುಖವನ್ನೊಮ್ಮೆ ನೋಡಿ, ಮಾತಾಡದೆ ದಾರಿ ತೋರಿಸಿದರು. ಅಂಗಳದ ಮೂಲೆಯಲ್ಲಿ ಮರದ ಬುಡ ಇನ್ನೂ ಹಸಿಯಾಗಿತ್ತು, ಅಂಟು ಒಸರಿ ಇರುವೆ ಮುತ್ತಿತ್ತು. ಕಡಿದ ತುಂಡುಗಳನ್ನು ಬೇಲಿಯ ಹತ್ತಿರ ಅಚ್ಚುಕಟ್ಟಾಗಿ ಒಟ್ಟಿದ್ದರು. ಗೊಂಚಲು ಗೊಂಚಲು ಎಳೆ ಕಾಯಿಗಳು ಬಾಡಿದ ಸೊಪ್ಪಿನ ನಡುವೆ ಹಾಗೇ ಬಿದ್ದಿದ್ದವು. ಜಗಲಿಯಲ್ಲಿ ಮುದುಕರೊಬ್ಬರು ಕೂತಿದ್ದರು. ಅವರು ಡೊಂಬಯ್ಯ, ಮನ್ವಿತನ ಸೋದರಮಾವ. ಮರಕ್ಕೆ ಮೊದಲ ಏಟು ಹಾಕಿದವರು ಅವರೇ.

“ನಾನು ಬಂಟ್ವಾಳದ ಕಮಲಾಕ್ಷ” ಎಂದ ಇವನು.

ಡೊಂಬಯ್ಯ ಬೈಯುತ್ತಾರೆ ಎಂದುಕೊಂಡಿದ್ದ. ಹೊಡೆದರೂ ತಿನ್ನುವ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮುದುಕರು ತುಂಡುಗಳ ಕಡೆ ಕೈ ತೋರಿಸಿ, “ಒಲೆಗೆ ಹಾಕಲಿಕ್ಕೆ ಅವನ ಅಮ್ಮ ಬಿಡುವುದಿಲ್ಲ. ಮಾರಲಿಕ್ಕೂ ಆಗುವುದಿಲ್ಲ. ಎಂತ ಮಾಡುವುದು ಅಂತ ಗೊತ್ತಾಗುವುದಿಲ್ಲ” ಎಂದರು. ಅವನೇ ಏನಾದರೂ ದಾರಿ ಹೇಳಿಯಾನು ಎಂಬ ಹಾಗೆ.

ಮನ್ವಿತನ ತಾಯಿ ಲೋಲಾಕ್ಷಿ ಒಳಗಿಂದ ಬಂದಳು. ನೀರು, ಬೆಲ್ಲ ತಂದಿಟ್ಟಳು. ಕಮಲಾಕ್ಷ ಕೈಮುಗಿದು ನಿಂತೇ ಇದ್ದ.

“ಅಕ್ಕ, ತಪ್ಪಾಯಿತು. ನಾನು ಸತ್ತೆ ಅಂತ ಬರೆದದ್ದು. ನಗಾಡಿ ಸತ್ತೆ ಅಂತ. ಅವನು ಅಂತ ಅಲ್ಲ. ಒಂದು ಸ್ವರದಲ್ಲಿ...”

“ನೀವು ಆಮೇಲೆ ಹಾಕಿದ್ದನ್ನು ಓದಿದೆ” ಎಂದಳು ಲೋಲಾಕ್ಷಿ. “ಕೂತುಕೊಳ್ಳಿ.”

ಅವನು ಕೂತ.

“ನನಗೂ ತುಳು ಗೊತ್ತುಂಟಲ್ಲ, ಅಣ್ಣ. ಎರಡೂ ಅರ್ಥ ಉಂಟು ಅಂತ ನನಗೂ ಗೊತ್ತುಂಟು. ಆಚೆ ಮನೆಯ ಹುಡುಗಿ ಬಂದು ತೋರಿಸಿದಳು. ಅವನ ಚಿತ್ರ, ಕೆಳಗೆ ಆ ಶಬ್ದ. ಬೇರೆ ಯಾರು ಬರೆದಿದ್ದರೂ ನಗಾಡಿ ಸತ್ತೆ ಅಂತ ಬರೆದದ್ದು ಅಂತಲೇ ನಾನು ಹೇಳ್ತಿದ್ದೆ. ಮೇಲೆ ನೋಡಿದರೆ ನಿಮ್ಮ ಹೆಸರು. ನೀವು ನನ್ನ ಮಗನನ್ನು ನೋಡಿ ನಗುವುದುಂಟಾ?”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಹಾಲಿನ ಸೊಸೈಟಿಗೆ ಹೋದರೆ ಅಲ್ಲಿ ನೀವು ಬರೆದದ್ದನ್ನೇ ಹೇಳ್ತಾರೆ. ಮೊದಮೊದಲು ನಾನು ಜಗಳ ಮಾಡ್ತಿದ್ದೆ. ಆಮೇಲೆ ನೀವು ಕಲಿತವರು, ಲೋಕದ ಸಿನೆಮಾ ಎಲ್ಲ ನೋಡಿದವರು, ನೀವು ಹೇಳಿದ್ದೇ ಸರಿ ಇರಬಹುದು ಅಂತ ಅನಿಸಿತು. ಟಿವಿ ಹಾಕುವುದೇ ಬಿಟ್ಟೆ. ಅವನು ಫೋನಿನಲ್ಲಿ ‘ಅಮ್ಮ, ನೋಡಿದೆಯಾ?’ ಅಂತ ಕೇಳಿದರೆ ನೋಡಿದೆ, ಚೆನ್ನಾಗಿತ್ತು ಅಂತ ಸುಳ್ಳು ಹೇಳ್ತಿದ್ದೆ. ಆ ದಿನ ಆ ಶಬ್ದ ನೋಡಿದಾಗ ನನ್ನ ಮಗ ಸತ್ತ ಅಂತ ನಂಬಿದೆ. ಅವನು ಯಾರನ್ನೋ ನಗಿಸಿದ್ದಾನೆ ಅಂತ ನನಗೆ ಹೊಳೀಲೇ ಇಲ್ಲ. ಹೆತ್ತವಳಿಗೇ ಹೊಳೀಲಿಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಡೊಂಬಯ್ಯ ಎದ್ದು ಅಂಗಳಕ್ಕೆ ಹೋದರು. ಕಮಲಾಕ್ಷ ಬೆಲ್ಲದ ತಟ್ಟೆಯನ್ನು ನೋಡುತ್ತ ಕೂತ. ಇಷ್ಟು ವರ್ಷ ತಾನು ಬರೆದದ್ದು ಚಾನೆಲ್ಲಿನವರ ಮೇಲೆ, ಬೆಂಗಳೂರಿನವರ ಮೇಲೆ ಎಂದು ಅವನು ತಿಳಿದಿದ್ದ. ಅವರಲ್ಲಿ ಒಬ್ಬರಾದರೂ ಅದನ್ನು ಓದಿದ್ದರೋ ಇಲ್ಲವೋ. ಓದಿದವಳು ಇವಳು.

“ಫೋನು ಮಾಡಿ ನೋಡಲಿಲ್ಲವಾ ಅಕ್ಕ?” ಎಂದು ಕೇಳಿದ.

“ಮಾಡದೆ ಇರ್ತೇನಾ? ಮಾಡಿದಾಗೆಲ್ಲ ಆ ಹೆಂಗಸು ಮಾತಾಡುವುದು, ಸ್ವಿಚ್ ಆಫ್ ಆಗಿದೆ ಅಂತ. ಒಂದು ಸಲ ನನಗೆ ತಲೆ ಸರಿ ಇರಲಿಲ್ಲ, ಕೈ ಮುಗಿದು ಅವಳ ಹತ್ತಿರವೇ ಕೇಳಿದೆ. ಅಕ್ಕ, ನನ್ನ ಮಗ ಇದ್ದಾನಾ ಹೇಳಿ ಅಂತ. ಆಚೆ ಮನೆಯವರೆಲ್ಲ ನನ್ನನ್ನು ನೋಡಿ ಅತ್ತರು.” ಬೆಲ್ಲದ ತಟ್ಟೆಯನ್ನು ಅವನ ಕಡೆ ಸರಿಸಿ, “ಅವನ ಆ ಕಾಮಿಡಿಯಲ್ಲಿಯೂ ಹಾಗೇ ಉಂಟಂತಲ್ಲ. ನಾನು ನೋಡಲಿಲ್ಲ. ಇದನ್ನು ಕೇಳಿದ ಮೇಲೆ ಅವನು ಇನ್ನು ಅದನ್ನು ಎಲ್ಲಿಯೂ ಮಾಡುವುದಿಲ್ಲ ಅಂತ ಹೇಳಿದ್ದಾನೆ. ಯೂಟ್ಯೂಬಿನಿಂದಲೂ ತೆಗೆಸಿದ್ದಾನಂತೆ” ಎಂದಳು.

ಅಷ್ಟು ಒಳ್ಳೆಯದನ್ನು ಆ ಹುಡುಗ ಮೊದಲ ಬಾರಿಗೆ ಮಾಡಿದ್ದ. ಜನ ಅದನ್ನು ಸರಿಯಾಗಿ ನೋಡುವ ಮೊದಲೇ ಅವನು ಸತ್ತನೋ ಬದುಕಿದನೋ ಎಂದು ನೋಡಲು ಓಡಿದರು. ಈಗ ಅದು ಇಲ್ಲವೇ ಇಲ್ಲ. ಏನಾದರೂ ಮಾಡಿ ಇದನ್ನು ಸರಿ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಲೂ ಕಮಲಾಕ್ಷನಿಗೆ ಧೈರ್ಯ ಬರಲಿಲ್ಲ. ಅವಳು ಊಟಕ್ಕೆ ನಿಲ್ಲಿ ಎಂದಳು. ಇವನು ಬಸ್ಸಿನ ನೆಪ ಹೇಳಿ ಎದ್ದ.

ಆ ವಾರದ ಅಂಕಣಕ್ಕೆ ಅವನು ಬೇರೆ ಏನನ್ನೂ ಬರೆಯಲಿಲ್ಲ. ಟಿವಿಯಲ್ಲಿ ಬಂದು ಹೋದ ಆ ಹತ್ತು ನಿಮಿಷವನ್ನು ನೆನಪಿನಿಂದ ತೆಗೆದು ಒಂದೊಂದು ಮಾತಾಗಿ ಬಿಡಿಸಿದ. ಫೋನು ಹಿಡಿದ ಕೈ, ನೇರವಾದ ಬೆನ್ನು, ಇಂಗ್ಲಿಷ್ ಕೇಳಿದಾಗಿನ ನಾಚಿಕೆ, ಬರಿ ಕೇಳುವ ಮೊದಲು ಅತ್ತಿತ್ತ ನೋಡಿದ್ದು. ನಮ್ಮ ಕನ್ನಡವನ್ನು ಹಂಗಿಸದೆ ಅದರಿಂದ ನಗು ತೆಗೆದ ಮೊದಲ ನಟ ಇವನು ಎಂದು ಬರೆದ. ‘ನಾನು ನಕ್ಕೆ. ಕಣ್ಣೀರು ಬರುವ ತನಕ ನಕ್ಕೆ. ಈ ಹುಡುಗನಿಗೆ ನಗಿಸಲು ಬರುವುದಿಲ್ಲ ಎಂದು ನಾಲ್ಕು ವರ್ಷ ಬರೆದದ್ದು ನನ್ನ ಕುರುಡು’ ಎಂದ. ಮಾರ್ಕು ಕೊಡಲಿಲ್ಲ. ಬರೆಯುವಾಗ ಒಂದು ಕಡೆ ಅವನಿಗೆ ಮತ್ತೆ ನಗು ಬಂತು, ಬಂದದ್ದಕ್ಕೆ ಸಂತೋಷವೂ ಆಯಿತು. ಅವನ ಜೀವನದಲ್ಲೇ ಅಷ್ಟು ಒಳ್ಳೆಯ ಬರಹ ಇನ್ನೊಂದಿಲ್ಲ.

ಪತ್ರಿಕೆ ಬಂದ ದಿನ ಪೇಟೆಯವರು ಓದಿದರು. ‘ಒಳ್ಳೆ ಕೆಲಸ ಮಾಡಿದಿರಿ ಕಮಲಾಕ್ಷಣ್ಣ, ತಪ್ಪು ಮಾಡಿದ ಮೇಲೆ ಅಷ್ಟಾದರೂ ಹೊಗಳಬೇಕು’ ಎಂದು ನೌಫಲ್ ಹೇಳಿದ. ‘ಪಾಪ, ಆ ತಾಯಿಗೆ ಸಮಾಧಾನ ಆಗಲಿ’ ಎಂದು ಇನ್ನೊಬ್ಬರು. ಹಾಗಲ್ಲ, ನಿಜ ಬರೆದದ್ದು ಎಂದು ಹೇಳಿದರೆ, ಹೌದು ಹೌದು ಎಂದು ಅವರು ಬೆನ್ನು ತಟ್ಟಿದರು. ಮಧ್ಯಾಹ್ನ ಕಾಂತಿ ಊಟದ ಬುತ್ತಿ ತಂದು ಅಂಗಡಿಯಲ್ಲೇ ಕೂತಿದ್ದಾಗ ಮನ್ವಿತನ ಫೋನು ಬಂತು.

“ಅಣ್ಣ, ಅಮ್ಮ ಓದಿ ಹೇಳಿದರು. ನಾನೂ ತರಿಸಿ ಓದಿದೆ” ಎಂದ ಹುಡುಗ. “ನೀವು ಇಷ್ಟೆಲ್ಲ ಬರೆಯುವ ಅಗತ್ಯ ಇರಲಿಲ್ಲ. ನನಗೆ ನಿಮ್ಮ ಮೇಲೆ ಬೇಜಾರಿಲ್ಲ. ಗೊತ್ತಿಲ್ಲದೆ ಆದದ್ದು ತಾನೆ?”

“ಅದಕ್ಕಾಗಿ ಬರೆದದ್ದಲ್ಲ ಮಾರಾಯ. ನಾನು ನಿಜವಾಗಿ ನಕ್ಕಿದ್ದೇನೆ.”

“ಆಯ್ತು ಅಣ್ಣ.”

ಜ್ವರ ಬಂದ ಹಿರಿಯರು ಏನೋ ಹೇಳಿದಾಗ ಹೇಳುವ ‘ಆಯ್ತು’ ಅದು. ಕಮಲಾಕ್ಷ ಫೋನನ್ನು ಹೆಂಡತಿಯ ಕೈಗೆ ತುರುಕಿದ. “ನೀನು ಹೇಳು ಕಾಂತಿ. ನೀನು ನೋಡಿದ್ದೀಯಲ್ಲ. ನಾನು ನಕ್ಕದ್ದನ್ನು ಅವನಿಗೆ ಹೇಳು.”

ಕಾಂತಿ ಫೋನು ತೆಗೆದುಕೊಂಡಳು. “ಹೌದು ಮಗ, ನಕ್ಕಿದ್ದಾರೆ. ನಾನು ದೋಸೆ ಬಿಟ್ಟು ಓಡಿ ಬಂದಿದ್ದೆ. ಇವರಿಗೆ ಎಂತದೋ ಆಯಿತು ಅಂತ ನಾನು ಹೆದರಿದ್ದು” ಎಂದಳು. ಆಚೆಯಿಂದ ಅವನು ಏನೋ ಹೇಳಿದ. ಅವಳು ಕೇಳಿಸಿಕೊಂಡು, “ಇಲ್ಲ ಮಗ, ಅವರು ಹೇಳಿಸಿದ್ದಲ್ಲ” ಎಂದಳು. ಮತ್ತೆ ಕೇಳಿಸಿಕೊಂಡಳು. “ಆಗಲಿ, ಊರಿಗೆ ಬಂದಾಗ ಮನೆಗೆ ಬಾ” ಎಂದು ಫೋನನ್ನು ಮೇಜಿನ ಮೇಲಿಟ್ಟಳು.

“ಎಂತ ಹೇಳಿದ?”

“ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಿ ಅಂದ. ಮನಸ್ಸಿಗೆ ತುಂಬ ಹಚ್ಚಿಕೊಂಡಿದ್ದೀರಂತೆ.”

ನಾಲ್ಕು ವರ್ಷ ಕಮಲಾಕ್ಷ ಬರೆದ ಒಂದೊಂದು ಮಾತನ್ನೂ ಆ ಹುಡುಗ ನಂಬಿದ್ದ. ಇದೊಂದನ್ನು ನಂಬಲಿಲ್ಲ. ಕಾಂತಿ ಬುತ್ತಿ ಬಿಚ್ಚಿ ಅನ್ನ ಬಡಿಸಿದಳು.